ಸಕುರಾ ಮತ್ತು ಬೆಂಗಳೂರಿನ ಹೂಮರಗಳು

ಜಪಾನಿನಲ್ಲಿ ಚಳಿಗಾಲ ಕಳೆದು ಎಲೆ ಚಿಗುರುವುದಕ್ಕೆ ಮುನ್ನವೇ ಬರಿಯ ಕೊಂಬೆಗಳನ್ನು ತುಂಬಿಕೊಂಡು ಅರಳುವ, ಅರಳಿದ ಎರಡು ವಾರಗಳೊಳಗಾಗಿ ಗಾಳಿಗೂ ಮಳೆಗೂ ಸೋತು ಉದುರಿಹೋಗುವ ಚೆರ್ರಿಮರದ ಹೂವನ್ನು ಅಲ್ಲಿನವರು ಸಕುರಾ ಎಂದು ಕರೆಯುವರು. ಗುಲಾಬಿ, ಸೇಬು, ಬಾದಾಮಿಗಳನ್ನೊಳಗೊಂಡ ರೋಸೇಸೀ ಕುಟುಂಬದಲ್ಲಿ ಪ್ರೂನಸ್ ಜಾತಿಗೆ ಸೇರಿದ ಈ ಮರವನ್ನು ಜಪಾನೀಯರು ಬೆಳೆಸಿದ್ದು ಹಣ್ಣಿನ ಆಸೆಯಿಂದಲ್ಲ. ಹೂವಿಗಾಗಿಯೇ, ಅದೂ ಕೊಯ್ದು ಮುಡಿಯುವುದಕ್ಕಲ್ಲದೆ ಮರದಲ್ಲಿಯೇ ಇರಗೊಟ್ಟು ನೋಡುವುದಕ್ಕಾಗಿ. ಈ ಹೂವಿನ ಹೆಸರು ಈಚಿನ ವರುಷಗಳಲ್ಲಿ ಬೆಂಗಳೂರಿನ ಮಾತಿನೊಳಕ್ಕೂ ಬಂದು ನೆಲಸಿದೆ. ಶಿವರಾತ್ರಿಯ ಆಚೀಚೆಗೆ ಟಬೆಬುಯಾ ಮರಗಳು ಎಲೆಗಳನ್ನೆಲ್ಲ ಕಳಚಿಹಾಕಿ, ಅಡಿಯಿಂದ ಮುಡಿಯವರೆಗೆ ನಸುಗೆಂಪು ಹೂವನ್ನು ತಳೆದು ಬೀದಿಗಳ ಅಂಚಿನಲ್ಲಿ ನಿಂತಾಗ, ಪತ್ರಿಕೆಗಳೂ ಹಾದಿಹೋಕರೂ ಒಂದೇ ದನಿಯಲ್ಲಿ ಅದನ್ನು ‘ಬೆಂಗಳೂರಿನ ಚೆರ್ರಿ ಬ್ಲಾಸಂ’ ಎಂದು ಕೊಂಡಾಡುವರು. ಹೋಲಿಕೆ ಕಣ್ಣಿಗೆ ಒಪ್ಪುವಂಥದೇ ಸರಿ. ಅರ್ಥದ ವಿಷಯದಲ್ಲಿ ಅದು ಎಷ್ಟು ದೂರ ನಮ್ಮೊಡನೆ ನಡೆದು ಬಂದೀತೆಂಬುದನ್ನು ಎರಡೂ ಕಡೆಯ ಚರಿತ್ರೆಯನ್ನು ಬಿಡಿಸಿ ನೋಡಿಯೇ ತಿಳಿಯಬೇಕು.

ಹೀಗೆ ನೋಡುವುದಕ್ಕೆ ಶೇಷಾದ್ರಿಪುರಂ ಅನುಕೂಲವಾದ ನೆಲೆ. ಹದಿನೆಂಟು ವರ್ಷಗಳ ಕಾಲ, ಅಂದರೆ 1883ರಿಂದ 1901ರವರೆಗೆ, ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಈ ಬಡಾವಣೆ, ಚಾಮರಾಜಪೇಟೆಯಂತೆಯೇ 1892ರಲ್ಲಿ ಹಳೆಯ ಪೇಟೆಯ ಇಕ್ಕಟ್ಟಿನಿಂದಾಚೆಗೆ ರೂಪುಗೊಂಡಿತು. ಆರು ವರ್ಷಗಳ ತರುವಾಯ ಬಂದ ಪ್ಲೇಗು ಮಾರಿಯ ಭಯಕ್ಕೆ ಜನ ಮಲ್ಲೇಶ್ವರ, ಬಸವನಗುಡಿಗಳ ಕಡೆಗೂ ಹರಿದರು. ಅಗಲವಾದ ಬೀದಿ, ಮನೆಯ ಸುತ್ತ ಹಿತ್ತಲು, ಬೀದಿಯ ಬದಿಗೆ ಸಾಲುಮರ ಎಂಬ ಕಲ್ಪನೆ ಈ ಬಡಾವಣೆಗಳೊಡನೆಯೇ ಹುಟ್ಟಿದ್ದು. ಮೊದಮೊದಲು ನೆಟ್ಟ ಮರಗಳು ಈ ನೆಲಕ್ಕೆ ಪರಿಚಿತವಾದವು ಎಂಬುದಕ್ಕೆ ಬೀದಿಗಳ ಹೆಸರೇ ಸಾಕ್ಷಿ ಹೇಳುತ್ತದೆ: ಶೇಷಾದ್ರಿಪುರಂನ ಅಂಚಿನಿಂದ ಉತ್ತರಕ್ಕೆ ಮಲ್ಲೇಶ್ವರದೊಳಕ್ಕೆ ಸಾಗುವುದು ಸಂಪಿಗೆ ರಸ್ತೆ, ಅದರ ಜೊತೆಜೊತೆಗೇ ಓಡುವುದು ಬೇವಿನ ಹೆಸರಿನ ಮಾರ್ಗೋಸಾ ರಸ್ತೆ. ದಕ್ಷಿಣ ಅಮೆರಿಕದ ಹೂಮರಗಳು ಇವುಗಳ ಪಕ್ಕದಲ್ಲಿ ಬಂದು ನಿಂತದ್ದು ಅನಂತರದ ಕತೆ.

ಜಪಾನಿನಲ್ಲಿಯೂ ಸಕುರಾ ಆದಿಯಿಂದಲೇ ಪಟ್ಟವೇರಿದ ಹೂವಲ್ಲವೆಂಬುದು ಗಮನಿಸಬೇಕಾದ ಸಂಗತಿ. ಎಂಟನೆಯ ಶತಮಾನದಲ್ಲಿ ಸಂಕಲಿತವಾದ ಮಾನ್‌ಯೋಶೂ ಎಂಬ ಮಹಾಕಾವ್ಯಸಂಗ್ರಹದಲ್ಲಿ, ಚೀಣಾ ದೇಶದ ಪಂಡಿತರ ಅಭಿರುಚಿಯನ್ನನುಸರಿಸಿ, ಪ್ಲಮ್ ಹೂವನ್ನು ಹಾಡಿದ ಪದ್ಯಗಳು ಚೆರ್ರಿಯನ್ನು ಹಾಡಿದವುಗಳಿಗಿಂತ ಬಹಳ ಹೆಚ್ಚು. ಹಿಮದ ನಡುವೆ ಅರಳುವ ಪ್ಲಮ್ ಧೀರನ ಹೂವು, ವಿದ್ವಾಂಸನ ಹೂವು, ತಂದುಕೊಂಡ ನಾಗರಿಕತೆಯ ಹೂವು. ಒಂಬತ್ತನೆಯ ಶತಮಾನದಲ್ಲಿ ಆ ದೇಶದ ಆಸ್ಥಾನ ಚೀಣದ ಮಾದರಿಯಿಂದ ಮೆಲ್ಲಮೆಲ್ಲನೆ ಬಿಡಿಸಿಕೊಂಡು ತನ್ನದೇ ಆದ ಭಾಷೆಯಲ್ಲಿ, ತನ್ನದೇ ಬೆಟ್ಟಗಳ ಮೇಲೆ ಕಣ್ಣಿಟ್ಟಾಗ, ಕಾಡಿನಲ್ಲಿ ತಾನಾಗಿ ಬೆಳೆದಿದ್ದ ಬೆಟ್ಟಚೆರ್ರಿ ಅದಕ್ಕೆ ಕಾಣಿಸಿತು. 812ರಲ್ಲಿ ಸಾಗ ಚಕ್ರವರ್ತಿ ಕ್ಯೋಟೋ ನಗರದ ಶಿನ್‌ಸೆನ್‌ಎನ್ ಉದ್ಯಾನದಲ್ಲಿ ಹೂವಿನ ಕೆಳಗೆ ಔತಣವನ್ನೂ ಕವಿಗೋಷ್ಠಿಯನ್ನೂ ಏರ್ಪಡಿಸಿದನು; ಅದೇ ಶತಮಾನದಲ್ಲಿ ಅರಮನೆಯ ಮುಖ್ಯ ಸಭಾಭವನದ ಮುಂದೆ ಎಡಗಡೆಗೆ ನಿಂತಿದ್ದ ಪ್ಲಮ್ ಮರದ ಜಾಗವನ್ನು ಚೆರ್ರಿ ಆಕ್ರಮಿಸಿತು. 905ರ ಕೊಕಿನ್‌ಶೂ ಸಂಗ್ರಹದ ವೇಳೆಗೆ ಚೆರ್ರಿ ವಸಂತಕ್ಕೆ ಪ್ರಭುವಾಗಿಬಿಟ್ಟಿತ್ತು. ರಾಜ್ಯವೊಂದು ತನ್ನ ಸ್ವತ್ವವನ್ನು ಹುಡುಕಿಕೊಳ್ಳುವಾಗ ಶಾಸನವನ್ನೋ ಕೋಟೆಯನ್ನೋ ಆಶ್ರಯಿಸದೆ ಹೂವೊಂದನ್ನು ಆರಿಸಿಕೊಂಡದ್ದು ಅಪೂರ್ವವಾದ ಸಂಗತಿಯೇ ಸರಿ.

ಆದರೆ ಸಕುರಾದ ಅರ್ಥ ರಾಜಕಾರಣದಿಂದ ಬಂದದ್ದಲ್ಲ, ಅದರ ಆಯುಷ್ಯದಿಂದ ಬಂದದ್ದು. ಜಪಾನಿನ ಪ್ರಾಚೀನ ಪುರಾಣಸಂಗ್ರಹವಾದ ಕೊಜಿಕಿಯಲ್ಲಿ ಒಂದು ಕತೆಯುಂಟು. ಸೂರ್ಯದೇವತೆಯ ಮೊಮ್ಮಗನಾದ ನಿನಿಗಿ ಭೂಮಿಗೆ ಇಳಿದು ಬಂದಾಗ ಪರ್ವತದೇವನು ತನ್ನ ಇಬ್ಬರು ಕುಮಾರಿಯರನ್ನೂ ಅವನಿಗೆ ಒಪ್ಪಿಸುತ್ತಾನೆ. ಒಬ್ಬಳು ಬಂಡೆಯಂತೆ ಶಾಶ್ವತಳು, ಆದರೆ ಕುರೂಪಿ. ಇನ್ನೊಬ್ಬಳು ಕೊನೊಹನಸಕುಯ, ಮರದಲ್ಲಿ ಅರಳುವ ಹೂವಿನ ಅಧಿದೇವತೆ. ನಿನಿಗಿ ಹೂವನ್ನು ಇಟ್ಟುಕೊಂಡು ಬಂಡೆಯನ್ನು ತವರಿಗೆ ಹಿಂದಕ್ಕೆ ಕಳುಹಿಸಿದನು; ಆ ಕಾರಣದಿಂದಲೇ ಅವನ ಸಂತತಿಯವರ ಬಾಳು ಹೂವಿನಂತೆ ಅಲ್ಪಾಯುವಾಯಿತು ಎಂದು ಪುರಾಣ ಹೇಳುತ್ತದೆ. ಶಾಶ್ವತವನ್ನು ತಾನಾಗಿಯೇ ನಿರಾಕರಿಸಿ ಚೆಲುವನ್ನು ವರಿಸಿದವರ ಮಕ್ಕಳು ತಾವೆಂದು ಬಗೆದ ಜನ, ಚೆಲುವು ಉದುರುವಾಗ ಗೋಳಿಡುವುದಕ್ಕೆ ಬದಲಾಗಿ ಅದನ್ನು ನೋಡುವುದಕ್ಕೆ ಚಾಪೆ ಹಾಸಿ ಕುಳಿತದ್ದರಲ್ಲಿ ಆಶ್ಚರ್ಯವಿಲ್ಲ. ಆಮೇಲೆ ಬೌದ್ಧಧರ್ಮದ ಅನಿತ್ಯಭಾವನೆ ಬಂದು ಈ ದೇಶೀಯ ಸಂವೇದನೆಯೊಡನೆ ಬೆರೆಯಿತು. ಹನ್ನೆರಡನೆಯ ಶತಮಾನದ ಸೈಗ್ಯೋ, ಕ್ಷಾತ್ರವೃತ್ತಿಯನ್ನು ತೊರೆದು ಸಂನ್ಯಾಸಿಯಾದ ಕವಿ, ಎರಡನೆಯ ತಿಂಗಳ ಹುಣ್ಣಿಮೆಯ ಹೊತ್ತಿಗೆ ಹೂವಿನ ನೆರಳಿನಲ್ಲಿ ಸಾಯಬೇಕೆಂದು ಪದ್ಯ ಬರೆದನು; 1190ರಲ್ಲಿ ಅದೇ ತಿಂಗಳ ಹುಣ್ಣಿಮೆಯ ಮರುದಿನ ತೀರಿಕೊಂಡನು. ಅವನ ಸಮಕಾಲೀನರಿಗೆ ಇದು ಕವಿತೆಯ ಸಿದ್ಧಿಯಂತೆಯೇ ತೋರಿತು. ಹದಿನೆಂಟನೆಯ ಶತಮಾನದ ಪಂಡಿತ ಮೊತೊಒರಿ ನೊರಿನಾಗ ಪ್ರಾಚೀನ ಜಪಾನೀ ಸಾಹಿತ್ಯದ ಸಾರವನ್ನೇ, ವಸ್ತುಗಳ ಕ್ಷಣಿಕತೆಗೆ ಮನಸ್ಸು ಕರಗಿ ಮಿಡಿಯುವ ಆರ್ದ್ರಭಾವದಲ್ಲಿ ಕಂಡನು. ನಮ್ಮ ಅಲಂಕಾರಶಾಸ್ತ್ರದ ಪರಿಭಾಷೆಯಲ್ಲಿ ಇದನ್ನು ಹಿಡಿಯಹೋದರೆ ಕರುಣವೂ ಶಾಂತವೂ ಒಂದಿಷ್ಟು ಶೃಂಗಾರವೂ ಬೆರೆತಂತೆ ತೋರುವುದಲ್ಲದೆ ಯಾವ ಒಂದು ರಸದೊಳಗೂ ಅದು ಪೂರ್ತಿಯಾಗಿ ಅಡಗುವುದಿಲ್ಲ.

ಹೂ ನೋಡುವ ಈ ಸಂಭ್ರಮ ಅರಮನೆಯಿಂದ ಯೋಧರ ಮನೆಗೂ ಅಲ್ಲಿಂದ ಬೀದಿಗೂ ಇಳಿದುಬಂದಿತು. ಸರದಾರ ಹಿದೆಯೋಶಿ 1594ರಲ್ಲಿ ಐದು ಸಾವಿರ ಜನರ ಪರಿವಾರದೊಡನೆ ಯೋಶಿನೋ ಬೆಟ್ಟಕ್ಕೆ ಹೂ ನೋಡಲು ಹೋದದ್ದೂ, 1598ರಲ್ಲಿ ಕ್ಯೋಟೋ ಬಳಿಯ ದೈಗೋ ದೇವಾಲಯದ ಸುತ್ತ ನೂರಾರು ಮರಗಳನ್ನು ತಂದು ನೆಡಿಸಿ ಮಹೋತ್ಸವ ಮಾಡಿ ಕೆಲವೇ ತಿಂಗಳಲ್ಲಿ ಸತ್ತದ್ದೂ ಅಲ್ಲಿನ ಮಕ್ಕಳಿಗೂ ತಿಳಿದ ಕತೆ. ಬೀದಿಯ ಜನರಿಗೆ ಹೂವನ್ನು ಹಂಚಿದ ಕೀರ್ತಿ ಮಾತ್ರ ಎಂಟನೆಯ ಶೋಗನ್, ಎಂದರೆ ಆಳುವ ಸೇನಾಧಿಪತಿ, ಆದ ತೊಕುಗಾವ ಯೋಶಿಮುನೆಗೆ ಸಲ್ಲಬೇಕು. 1720ರ ಸುಮಾರಿನಲ್ಲಿ ಎದೋ ನಗರದ, ಎಂದರೆ ಇಂದಿನ ಟೋಕಿಯೋದ, ಅಸುಕಾಯಾಮ ಗುಡ್ಡದಲ್ಲಿಯೂ ಸುಮಿದಾ ನದಿಯ ದಡದಲ್ಲಿಯೂ ಅವನು ಚೆರ್ರಿಗಳನ್ನು ನೆಡಿಸಿ, ವರ್ತಕರೂ ಕಸಬುದಾರರೂ ಹೆಂಡತಿ ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಬಂದು ಕುಳಿತು, ಕುಡಿದು, ಹಾಡಿ ಹಗುರಾಗುವುದಕ್ಕೆ ಅವಕಾಶ ಮಾಡಿಕೊಟ್ಟನು. ಇಂದಿಗೂ ಹನಮಿ ಎಂಬ ಆ ವನಭೋಜನದಲ್ಲಿ ವೈರಾಗ್ಯಕ್ಕಿಂತ ಗದ್ದಲವೇ ಹೆಚ್ಚು. ಕಛೇರಿಯ ಕಿರಿಯ ನೌಕರನನ್ನು ಬೆಳಗಿನಿಂದಲೇ ನೀಲಿ ಹಾಸು ಹಾಸಿ ಜಾಗ ಕಾಯುವುದಕ್ಕೆ ಕೂರಿಸುವರು. ಉಪ್ಪಿನಲ್ಲಿ ಊರಿಸಿದ ಚೆರ್ರಿ ಎಲೆಯಲ್ಲಿ ಸುತ್ತಿದ ಅಕ್ಕಿಯ ಕಡುಬು ಆ ಕಾಲದ ತಿಂಡಿ. ಉಪ್ಪುಹಾಕಿದ ಹೂವನ್ನು ಬಿಸಿನೀರಿನಲ್ಲಿ ಬಿಟ್ಟ ಪಾನೀಯ ಮದುವೆಯ ಮನೆಗಳಲ್ಲಿ ಮಂಗಳಕರ. ಹೂವನ್ನು ಧ್ಯಾನಿಸುವ ಜನ ಅದನ್ನು ತಿನ್ನಲೂ ಬಲ್ಲರು. ಯುಗಾದಿಯ ದಿನ ಬೇವಿನ ಹೂವನ್ನು ಬೆಲ್ಲದೊಡನೆ ಅಗಿಯುವ ನಮಗೆ ಇದು ವಿಚಿತ್ರವೆನಿಸಬೇಕಾದ್ದಿಲ್ಲ.

ಈಗ ಜಪಾನಿನ ನಗರಗಳಲ್ಲಿ ಕಾಣುವ ಚೆರ್ರಿಗಳ ಬಹುಪಾಲು ಸೈಗ್ಯೋ ಕಂಡ ಬೆಟ್ಟಚೆರ್ರಿಯಲ್ಲ. ಎದೋ ನಗರದ ಸೊಮೇ ಎಂಬ ಹಳ್ಳಿಯ ತೋಟಗಾರರು ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟಕ್ಕೆ ತಂದ, ಎರಡು ಪ್ರಭೇದಗಳ ಬೆರಕೆಯಿಂದ ಹುಟ್ಟಿದ ಸೊಮೇ ಯೋಶಿನೋ ಎಂಬ ತಳಿ ಅದು. ಬೀಜದಿಂದ ತನ್ನಂಥದೇ ಸಂತಾನವನ್ನು ಕೊಡಲಾರದ ಈ ಮರವನ್ನು ಕಸಿಮಾಡಿಯೇ ಹೆಚ್ಚಿಸಬೇಕಾದ್ದರಿಂದ, ದೇಶದುದ್ದಕ್ಕೂ ಇರುವ ಸಹಸ್ರ ಸಹಸ್ರ ಮರಗಳು ವಾಸ್ತವವಾಗಿ ಒಂದೇ ಮರದ ತುಂಡುಗಳು. ಒಂದೇ ಊರಿನಲ್ಲಿ ಎಲ್ಲವೂ ಒಟ್ಟಿಗೆ ಅರಳಿ ಒಟ್ಟಿಗೆ ಉದುರುವ ಆ ಪ್ರಸಿದ್ಧ ದೃಶ್ಯ ಈ ಏಕರೂಪತೆಯ ಫಲವೇ ಹೊರತು ಪುರಾಣಕಾಲದ್ದಲ್ಲ. ಮೇಯಿಜಿ ಯುಗದಿಂದೀಚೆಗೆ ಶಾಲೆಯ ಅಂಗಳ, ಹಳೆಯ ಕೋಟೆ, ಕಾಲುವೆಯ ದಡಗಳಲ್ಲೆಲ್ಲ ಇದನ್ನೇ ನೆಟ್ಟರು. ಶಾಲೆಯ ವರ್ಷವೂ ಸರಕಾರದ ಲೆಕ್ಕದ ವರ್ಷವೂ ಏಪ್ರಿಲ್ ತಿಂಗಳಿನಲ್ಲಿ ಆರಂಭವಾಗುವುದರಿಂದ ಹೊಸ ಬಟ್ಟೆ, ಹೊಸ ಪುಸ್ತಕ, ಬೀಳ್ಕೊಡುಗೆಗಳಿಗೆಲ್ಲ ಈ ಹೂವು ಹಿನ್ನೆಲೆಯಾಯಿತು. 1950ರ ದಶಕದಿಂದ ಜಪಾನಿನ ಹವಾಮಾನ ಇಲಾಖೆ ದಕ್ಷಿಣದಿಂದ ಉತ್ತರಕ್ಕೆ ಮುಂದುವರಿಯುವ ಹೂವಿನ ಸೇನಾಮುಖದ ನಕ್ಷೆಯನ್ನು ಪ್ರಕಟಿಸತೊಡಗಿತು. 2010ರಲ್ಲಿ ಈ ಭವಿಷ್ಯವಾಣಿಯನ್ನು ಖಾಸಗಿ ಸಂಸ್ಥೆಗಳಿಗೆ ಬಿಟ್ಟುಕೊಟ್ಟರೂ, ಟೋಕಿಯೋದ ಯಾಸುಕುನಿ ದೇಗುಲದ ಆವರಣದಲ್ಲಿರುವ ಒಂದು ಗೊತ್ತಾದ ಮರದಲ್ಲಿ ಐದಾರು ಹೂ ಬಿಟ್ಟವೆಂದು ಅಧಿಕಾರಿ ಎಣಿಸಿ ಹೇಳಿದಾಗಲೇ ರಾಜಧಾನಿಯಲ್ಲಿ ಹೂ ಅರಳಿತೆಂದು ಅಧಿಕೃತವಾಗಿ ಘೋಷಿಸುವ ಪದ್ಧತಿ ಉಳಿದಿದೆ. ಕಚೇರಿಯ ಮೊಹರಿನೊಡನೆ ಬರುವ ವಸಂತವನ್ನು ಕಂಡು ನಗು ಬಂದೀತು. ಆದರೆ ಆ ನಗುವಿನ ಹಿಂದೆ ಸ್ವಲ್ಪ ಅಸೂಯೆಯನ್ನೂ ನಾನು ಒಪ್ಪಿಕೊಳ್ಳಬೇಕು.

ಯಾವ ಪ್ರತೀಕವೂ ಬಹುಕಾಲ ನಿರ್ದೋಷವಾಗಿ ಉಳಿಯುವುದಿಲ್ಲ. ಅರಳಿದ ಮೇಲೆ ಬಾಡುತ್ತ ಅಂಟಿಕೊಂಡಿರದೆ ಒಮ್ಮೆಗೇ ಉದುರುವ ಹೂವನ್ನು ಯೋಧನ ಮರಣಕ್ಕೆ ಹೋಲಿಸುವುದು ಹಿಂದಿನಿಂದಲೂ ಇದ್ದಿತಾದರೂ, ಇಪ್ಪತ್ತನೆಯ ಶತಮಾನದ ಸೈನ್ಯಶಾಹಿ ಅದನ್ನು ಆಜ್ಞೆಯನ್ನಾಗಿ ಮಾರ್ಪಡಿಸಿತು. 1944ರ ಅಕ್ಟೋಬರಿನಲ್ಲಿ ಹೊರಟ ಮೊದಲ ಆತ್ಮಾಹುತಿ ವಿಮಾನದಳಗಳಿಗೆ ಇಟ್ಟ ಹೆಸರುಗಳು ನೊರಿನಾಗನ ಬೆಟ್ಟಚೆರ್ರಿಯ ಪದ್ಯದಿಂದ ಆರಿಸಿದವು. ಯುದ್ಧದ ಕೊನೆಗೆ ಚಾಲಕನನ್ನು ಒಳಗಿಟ್ಟುಕೊಂಡೇ ಹಡಗುಗಳ ಮೇಲೆ ಎರಗುತ್ತಿದ್ದ ಸಿಡಿಗುಂಡಿನ ವಿಮಾನಕ್ಕೆ ಓಹ್ಕಾ, ಚೆರ್ರಿಹೂ, ಎಂದೇ ನಾಮಕರಣವಾಗಿತ್ತು. ಇಪ್ಪತ್ತು ವರ್ಷ ತುಂಬಿದ, ತುಂಬದ ವಿದ್ಯಾರ್ಥಿಗಳು ಆ ಹೆಸರಿನಲ್ಲಿ ಸತ್ತರು. ಚೆರ್ರಿಹೂವಿನ ಸೌಮ್ಯತೆಯನ್ನಷ್ಟೇ ಹೊಗಳಿ ಈ ಪುಟವನ್ನು ಮಗುಚಿ ಮುಂದೆ ಹೋಗುವ ಪ್ರವಾಸಕಥನಗಳು ಅರ್ಧಸತ್ಯವನ್ನೇ ಹೇಳುತ್ತವೆ. ಅದೇ ಹೂವನ್ನು 1912ರಲ್ಲಿ ಟೋಕಿಯೋದ ಮೇಯರ್ ಯೂಕಿಯೋ ಓಜಾಕಿ ಸ್ನೇಹದ ಕುರುಹಾಗಿ ವಾಷಿಂಗ್ಟನ್ನಿಗೆ ಮೂರು ಸಾವಿರಕ್ಕೂ ಮಿಕ್ಕ ಸಸಿಗಳ ರೂಪದಲ್ಲಿ ಕಳುಹಿಸಿದ್ದನೆಂಬುದನ್ನೂ ಇದರ ಜೊತೆಗಿಟ್ಟು ಓದಬೇಕು.

ಇನ್ನು ಬೆಂಗಳೂರಿನ ಕಡೆಗೆ ಬರೋಣ. ನಿಜವಾದ ಸಕುರಾ ಇಲ್ಲಿ ಅರಳಲಾರದು. ಚೆರ್ರಿಯ ಹೂಮೊಗ್ಗು ಹಿಂದಿನ ಬೇಸಗೆಯಲ್ಲಿಯೇ ರೂಪುಗೊಂಡು ಗಾಢನಿದ್ರೆಗೆ ಸಲ್ಲುತ್ತದೆ. ವಾರಗಟ್ಟಲೆ ಬಿಡದೆ ಕೊರೆಯುವ ಚಳಿಯಲ್ಲದೆ ಬೇರೇನೂ ಅದನ್ನು ಎಚ್ಚರಿಸುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿ ಹದಿಮೂರನೆಯ ಅಕ್ಷಾಂಶದ ಮೇಲೆ ಕುಳಿತ ನಮ್ಮ ಊರಿನ ಚಳಿಗಾಲ ಶಾಲುಹೊದೆಯುವಷ್ಟರದೇ ಹೊರತು ಮೊಗ್ಗಿನ ನಿದ್ರೆಯನ್ನು ಮುರಿಯುವಷ್ಟರದಲ್ಲ. ಭಾರತಕ್ಕೆ ಚೆರ್ರಿಯೇ ಇಲ್ಲವೆಂದು ಇದರ ಅರ್ಥವಲ್ಲ: ಆಯುರ್ವೇದದಲ್ಲಿ ಪದ್ಮಕವೆಂದು ಹೆಸರಾದ ಕಾಡುಚೆರ್ರಿ ಹಿಮಾಲಯದ ಉದ್ದಕ್ಕೂ ಬೆಳೆಯುತ್ತದೆ, ಮತ್ತು ವಸಂತದಲ್ಲಲ್ಲದೆ ಶರತ್ಕಾಲದ ಕೊನೆಗೆ ಅರಳುತ್ತದೆ, ಶಿಲ್ಲಾಂಗ್ ನಗರದಲ್ಲಿ ನವೆಂಬರ್ ತಿಂಗಳಿನಲ್ಲಿ ಅದರ ಉತ್ಸವ ನಡೆಯುವುದುಂಟು.

ಬೆಂಗಳೂರಿನಲ್ಲಿ ಸಕುರಾ ಎಂಬ ಬಿರುದನ್ನು ಹೊತ್ತ ಟಬೆಬುಯಾ ರೋಸಿಯಾ ಮೆಕ್ಸಿಕೋ ದೇಶದಿಂದ ಈಕ್ವೆಡಾರ್ ವರೆಗಿನ ಉಷ್ಣಪ್ರದೇಶದ ಮೂಲನಿವಾಸಿ. ಎಲ್ ಸಾಲ್ವಡಾರ್ ದೇಶಕ್ಕೆ ಅದು ರಾಷ್ಟ್ರವೃಕ್ಷ. ಚಳಿಯಲ್ಲ, ಒಣಹವೆ ಅದರ ಗಡಿಯಾರ. ಮಳೆ ನಿಂತು ಮಣ್ಣು ಬಿಗಿದಂತೆ ಮರ ಎಲೆಯುದುರಿಸಿ, ಒಡಲಲ್ಲಿ ಉಳಿದ ನೀರನ್ನು ಹೂವಿಗೆ ವೆಚ್ಚಮಾಡುತ್ತದೆ. ಹೂವು ಸಕುರಾದಂತೆ ಐದು ಬಿಡಿದಳಗಳ ತಟ್ಟೆಯಲ್ಲ; ದಳಗಳೆಲ್ಲ ಬೆಸೆದು ಕಹಳೆಯಾದದ್ದು, ಗಂಟಲಿನಲ್ಲಿ ಹಳದಿಯ ಛಾಯೆಯುಳ್ಳದ್ದು, ದಳದಳವಾಗಿ ತೇಲದೆ ಇಡಿಯಾಗಿಯೇ ನೆಲಕ್ಕೆ ಬೀಳುವಂಥದು. ಹೂವು ಮುಗಿದ ಮೇಲೆ ಕೋಲಿನಂಥ ಕಾಯಿ ಸೀಳಿ, ರೆಕ್ಕೆಯುಳ್ಳ ಬೀಜಗಳು ಗಾಳಿಯಲ್ಲಿ ಹಾರಿಹೋಗುವುವು. ಇದರ ಒಡಹುಟ್ಟುಗಳಾದ ಕಡುಗೆಂಪು ಛಾಯೆಯ ಇಂಪೆಟಿಜಿನೋಸಾ ನವೆಂಬರ್ ಡಿಸೆಂಬರ್ ಹೊತ್ತಿಗೇ ಮುಂಚೂಣಿಯಲ್ಲಿ ಬಂದರೆ, ಅಪ್ಪಟ ಹಳದಿಯ ಆರಿಯಾ ಫೆಬ್ರವರಿ ಮಾರ್ಚ್‌ಗಳಲ್ಲಿ ಬರುವುದು. ಇವೆಲ್ಲವೂ ಬಿಗ್ನೋನಿಯೇಸೀ ಕುಟುಂಬದವು. ಹಳಗನ್ನಡ ಕವಿಗಳು ತಮ್ಮ ವನವರ್ಣನೆಗಳಲ್ಲಿ ಸ್ಮರಿಸುವ ಪಾದರಿ, ನಮ್ಮ ಮನೆಗಳ ಅಂಚಿನಲ್ಲಿ ರಾತ್ರಿಯ ಹೊತ್ತು ಬಿಳಿಯ ಉದ್ದಹೂವನ್ನು ಚೆಲ್ಲುವ ಆಕಾಶಮಲ್ಲಿಗೆ, ಇವೂ ಅದೇ ಕುಟುಂಬದ ಸದಸ್ಯರು. ಆದುದರಿಂದ ಪರದೇಶಿಯೆಂದು ನಾವು ಕರೆಯುವ ಟಬೆಬುಯಾ ಸಸ್ಯಶಾಸ್ತ್ರದ ದೃಷ್ಟಿಯಲ್ಲಿ ಚೆರ್ರಿಗೆ ಯಾವ ರೀತಿಯಲ್ಲಿಯೂ ಸಮೀಪವಲ್ಲದಿದ್ದರೂ ಪಾದರಿಗೆ ದಾಯಾದಿ.

ಈ ಮರಗಳು ಇಲ್ಲಿಗೆ ಬಂದು ನೆಲಸಿದ ದಾರಿ ಲಾಲ್‌ಬಾಗಿನದು. ಹೈದರಾಲಿ 1760ರಲ್ಲಿ ಅಡಿಪಾಯ ಹಾಕಿ ಟೀಪು ಬೆಳೆಸಿದ ಆ ತೋಟದಲ್ಲಿ, 1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರೂನ್ ಅನ್ಯದೇಶಗಳ ಸಸ್ಯಗಳನ್ನು ಅಪಾರವಾಗಿ ತರಿಸಿ ಪರೀಕ್ಷೆಗೊಡ್ಡಿದನು. ಅವನ ಬಳಿಕ ಬಂದವನು ಗುಸ್ತಾವ್ ಹೆರ್ಮನ್ ಕ್ರುಂಬಿಗೆಲ್. ಜರ್ಮನಿಯ ಡ್ರೆಸ್ಡೆನ್ ಸಮೀಪದಲ್ಲಿ 1865ರಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡೆಯ ಗಾಯಕವಾಡರಲ್ಲಿ ಸೇವೆ ಸಲ್ಲಿಸಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಈತನು 1932ರವರೆಗೆ ಅಧಿಕಾರದಲ್ಲಿದ್ದನು. 1956ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡನು, ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ಒಂದು ಬೀದಿಯ ಮರಗಳು ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರಗಳು ಹೂ ಹಿಡಿಯುವಂತೆ, ವರ್ಷದ ಯಾವ ತಿಂಗಳಲ್ಲಿ ನೋಡಿದರೂ ನಗರದ ಒಂದಲ್ಲ ಒಂದು ಮೂಲೆ ಅರಳಿರುವಂತೆ, ಜಾತಿಗಳನ್ನು ಆಯ್ದು ಸಾಲುಮರಗಳನ್ನು ನೆಡಬೇಕೆಂಬ ಸರದಿಹೂವಿನ ಯೋಜನೆಗೆ ಈತನ ಹೆಸರೇ ನಿಂತಿದೆ. ಬೇರೆ ಎಷ್ಟೋ ಊರುಗಳಿಗೆ ಗೋಪುರ, ನದಿ, ಸಮುದ್ರಗಳಿಂದ ಬಂದ ಲಕ್ಷಣ, ನದಿಯೂ ಇಲ್ಲದ ಬೆಂಗಳೂರಿಗೆ ಇಂಥ ಒಂದು ತೋಟಗಾರನ ಪಂಚಾಂಗದಿಂದ ಬಂದಿತು.

ಆ ಪಂಚಾಂಗವನ್ನು ಇಂದಿಗೂ ಓದಬಹುದು. ಸಂಕ್ರಾಂತಿಯ ಹೊತ್ತಿಗೆ ಕಡುಗೆಂಪು ಟಬೆಬುಯಾ ಮುಗಿಯುತ್ತ ಬಂದು, ಶಿವರಾತ್ರಿಯೊಡನೆ ಹಳದಿಯದೂ ನಸುಗೆಂಪಿನದೂ ಒಂದನ್ನೊಂದು ತಳ್ಳಿಕೊಂಡು ಏಳುವುವು. ಮಾರ್ಚಿಯಲ್ಲಿ ಜಕರಂಡದ ನೀಲಿನೇರಳೆ. ಅದೇ ಹೊತ್ತಿಗೆ ಹೊಂಗೆ ಒಂದೇ ವಾರದಲ್ಲಿ ಹಳೆಯ ಎಲೆಯನ್ನು ಬಿಸುಟು ಎಳೆಹಸುರನ್ನು ಉಟ್ಟು, ರಸ್ತೆಯ ಮೇಲೆ ಬಿಳಿನೇರಳೆಯ ಹೂವಿನ ಪದರವನ್ನು ಹಾಸುವುದು. ಬೇಂದ್ರೆಯವರ ಯುಗಾದಿಯ ಹಾಡಿನಿಂದ ಹೊಂಗೆಯ ಹೂವೂ ದುಂಬಿಯೂ ಕನ್ನಡಿಗರೆಲ್ಲರ ಕಿವಿಯಲ್ಲಿ ಉಳಿದಿವೆಯಾದರೂ, ಆ ಹೂವಿನ ಛಾಯಾಚಿತ್ರ ತೆಗೆಯಲು ನಿಂತವರನ್ನು ನಾನು ಕಂಡದ್ದು ವಿರಳ. ಏಪ್ರಿಲ್ ಮೇ ತಿಂಗಳುಗಳಲ್ಲಿ ಮಡಗಾಸ್ಕರಿನ ಗುಲ್‌ಮೊಹರ್ ಕೆಂಪಾಗಿ ಉರಿಯುವುದು, ಕಕ್ಕೆ ಹೊನ್ನಿನ ಜಡೆ ಇಳಿಬಿಡುವುದು, ಹೊಳೆದಾಸವಾಳ ನೇರಳೆಯಾಗುವುದು, ಮಳೆಮರದ ಕುಂಚದಂಥ ಹೂವು ಕೊಡೆಯಂಥ ನೆತ್ತಿಯ ಮೇಲೆ ಚಿಮ್ಮುವುದು. ಮಳೆಗಾಲ ಮುಗಿಯುತ್ತಿದ್ದಂತೆ ಆಫ್ರಿಕದ ನೀರುಕಾಯಿ ಮರ, ದೀಪಾವಳಿಯ ಆಚೀಚೆಗೆ ಆಕಾಶಮಲ್ಲಿಗೆ. ಇಲ್ಲಿಗೆ ವರ್ಷ ತುಂಬಿತು.

ಕ್ರುಂಬಿಗೆಲ್ ತರುವಾಯ ಎಚ್. ಸಿ. ಜವರಾಯರು, ಅವರ ಬಳಿಕ ಡಾ. ಎಂ. ಎಚ್. ಮರಿಗೌಡರು ಲಾಲ್‌ಬಾಗನ್ನೂ ನಾಡಿನ ತೋಟಗಾರಿಕೆಯನ್ನೂ ಮುನ್ನಡೆಸಿದರು. ಆದರೆ ಇಂದು ಬೀದಿಬದಿಯಲ್ಲಿ ನಾವು ತಲೆಯೆತ್ತಿ ನೋಡುವ ಎಷ್ಟೋ ಮರಗಳಿಗೆ ಅಷ್ಟೊಂದು ವಯಸ್ಸಾಗಿಲ್ಲ. 1980ರ ದಶಕದಲ್ಲಿ, ಗುಂಡೂರಾಯರು ಮುಖ್ಯಮಂತ್ರಿಯಾಗಿದ್ದಾಗ, ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರಿಗೆ ನಗರವನ್ನು ಹಸುರಾಗಿಸುವ ಹೊಣೆ ಬಂದಿತು. ಸುಮಾರು ಐದು ವರ್ಷಗಳಲ್ಲಿ ಅವರ ನೇತೃತ್ವದಲ್ಲಿ 15 ಲಕ್ಷ ಸಸಿಗಳನ್ನು ನೆಟ್ಟರು. ಕ್ರುಂಬಿಗೆಲ್ಲನ ಹೆಸರನ್ನು ರಸ್ತೆಗೆ ಇಟ್ಟಿದ್ದೇವೆ; ನೇಗಿನಹಾಳರ ಹೆಸರು ಅವರು ನೆಟ್ಟ ಮರದ ನೆರಳಿನಲ್ಲಿ ಬಸ್ಸಿಗೆ ಕಾಯುವ ನೂರರಲ್ಲಿ ಒಬ್ಬರಿಗಾದರೂ ತಿಳಿದಿದೆಯೋ ಇಲ್ಲವೋ. ಅವರು 2021ರಲ್ಲಿ ಕೋವಿಡ್ ಕಾಯಿಲೆಯಿಂದ ನಿಧನರಾದರು.

ಜಪಾನಿನೊಡನೆ ಹಳೆಯ ಬೆಂಗಳೂರಿಗೆ ಇದ್ದ ಸಂಬಂಧ ಹೂವಿನದಾಗಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿಯೇ ಜಮ್‌ಶೆಟ್‌ಜಿ ಟಾಟಾ ಬಸವನಗುಡಿಯ ಕಡೆ ಜಪಾನೀ ತಜ್ಞರನ್ನು ಕರೆಸಿ ರೇಷ್ಮೆಯ ಸಾಕಣೆಯನ್ನು ಕಲಿಸುವ ತೋಟವನ್ನು ತೆರೆದರು. ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಆ ಪ್ರದೇಶಕ್ಕೆ ಇನ್ನೂ ಅಂಟಿಕೊಂಡಿದೆ. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿ ಕಂಡದ್ದು ಶಾಲೆ, ಕಾರ್ಖಾನೆ, ಶಿಸ್ತು, ದುಡಿಮೆ. ಅಂದಿನ ಮೈಸೂರಿಗೆ ಜಪಾನು ಎಂದರೆ ಪಾಶ್ಚಾತ್ಯರಿಗೆ ಸರಿಸಮವಾಗಿ ನಿಂತ ಏಷ್ಯಾದ ರಾಷ್ಟ್ರ, ಅನುಕರಣೀಯವಾದ ಉದ್ಯಮಶೀಲತೆ. ಇಕೆಬಾನ, ಬೋನ್ಸಾಯಿಗಳು ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನಗಳಲ್ಲಿ ಸ್ಥಾನ ಪಡೆದದ್ದು, ಸಕುರಾ ನಮ್ಮ ಬಾಯಿಗೆ ಬಂದದ್ದು ಬಹಳ ಈಚಿನ ಸಂಗತಿ.

ಅಂತೆಯೇ ನಮ್ಮ ಪುಷ್ಪಸಂಸ್ಕೃತಿಯ ಮಾರ್ಗವೂ ಬೇರೆ. ಕನ್ನಡನಾಡಿನಲ್ಲಿ ಹೂವೆಂದರೆ ಮುಖ್ಯವಾಗಿ ಕೊಯ್ಯುವ ವಸ್ತು: ದೇವರ ತಲೆಗೆ, ಹೆಣ್ಣಿನ ಮುಡಿಗೆ, ಬಾಗಿಲ ತೋರಣಕ್ಕೆ, ಹೆಣದ ಎದೆಗೆ. ಮನ್ಮಥನ ಬತ್ತಳಿಕೆಯ ಐದು ಬಾಣಗಳಲ್ಲಿ, ಅರವಿಂದ, ಅಶೋಕ, ಚೂತ, ನವಮಲ್ಲಿಕೆ, ನೀಲೋತ್ಪಲ ಎಂಬವುಗಳಲ್ಲಿ, ಮರದ ಹೂವು ಎರಡೇ. ಅವೂ ನೋಟಕ್ಕಿಂತ ವಿರಹಕ್ಕೆ ಹೆಚ್ಚು ಉಪಯುಕ್ತ. ವಸಂತವೆಂದರೆ ಮಾವು, ಮಲ್ಲಿಗೆ, ಕೋಗಿಲೆಗಳೆಂದು ಪಂಪನಿಂದಲೂ ನಡೆದುಬಂದ ಸಂಪ್ರದಾಯ, ಕಂಪಿಗೆ ಕೊಟ್ಟ ಮನ್ನಣೆಯನ್ನು ಬರಿಯ ಬಣ್ಣಕ್ಕೆ ಕೊಡಲಿಲ್ಲ. ಟಬೆಬುಯಾಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ, ಸೊಮೇ ಯೋಶಿನೋಗೂ ಇಲ್ಲ. ನೆಲಕ್ಕೆ ಬಿದ್ದ ಹೂವು ಪೂಜೆಗೆ ಸಲ್ಲದು. ಈ ನಿಯಮಕ್ಕೆ ಪಾರಿಜಾತ ಅಪವಾದ: ರಾತ್ರಿ ಅರಳಿ ಬೆಳಗಿನ ಜಾವಕ್ಕೆ ತಾನಾಗಿ ಉದುರಿದ ಅದನ್ನು ಮರದ ಕೆಳಗೆ ಬಟ್ಟೆ ಹಾಸಿ ಆಯ್ದುಕೊಳ್ಳುವರು. ರಂಜೆಯ ಹೂವನ್ನೂ ಹೀಗೆಯೇ ನೆಲದಿಂದ ಆಯ್ದು ಪೋಣಿಸುವರು. ಸಕುರಾದ ಭಾವಕ್ಕೆ ನಮ್ಮಲ್ಲಿ ಸಮೀಪವಾದುದನ್ನು ಹುಡುಕುವವರು ಟಬೆಬುಯಾದ ಕೆಳಗಲ್ಲ, ಹಿತ್ತಿಲ ಪಾರಿಜಾತದ ಕೆಳಗೆ ಹುಡುಕುವುದು ಯುಕ್ತ.

ಜಪಾನೀಯರು ಹೂವಿನ ಕೆಳಗೆ ಕುಳಿತಿರುವ ಅದೇ ದಿನಗಳಲ್ಲಿ ಹಳೆಯ ಬೆಂಗಳೂರಿನದೇ ಆದ ಒಂದು ಹೂವಿನ ರಾತ್ರಿಯೂ ಬರುತ್ತದೆ. ಚೈತ್ರ ಶುದ್ಧ ಹುಣ್ಣಿಮೆಯಂದು ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಾಲಯದಿಂದ ದ್ರೌಪದಿಯ ಕರಗ ಹೊರಡುವುದು. ಮಲ್ಲಿಗೆಯಿಂದ ಮುಚ್ಚಿಹೋದ ಆ ಕರಗವನ್ನು ಸ್ತ್ರೀವೇಷ ತಳೆದ ಅರ್ಚಕರು ಕೈಸೋಕದಂತೆ ತಲೆಯ ಮೇಲೆ ಹೊತ್ತು ಪೇಟೆಯ ಬೀದಿಗಳಲ್ಲಿ ಬೆಳಗಿನವರೆಗೆ ನಡೆಯುವರು, ಜನ ಮಲ್ಲಿಗೆಯನ್ನು ಎರಚುವರು. ಈ ಉತ್ಸವವನ್ನು ನಡೆಸುವ ತಿಗಳರು ತಲೆತಲಾಂತರದಿಂದ ತೋಟಗಾರರು. ಬೆಂಗಳೂರಿನ ಹೂವು ತರಕಾರಿಗಳನ್ನೂ ಲಾಲ್‌ಬಾಗಿನ ಮಡಿಗಳನ್ನೂ ಕೈಯಾರೆ ಬೆಳೆಸಿದವರು. ನಮ್ಮ ನಗರಕ್ಕೆ ಹನಮಿ ಎಂಬುದೊಂದು ಇದ್ದರೆ ಅದು ಕರಗವೇ. ಹೂವನ್ನು ಬೆಳೆದವರೇ ಅದನ್ನು ಹೊತ್ತು ನಡೆಸುವ ಹಬ್ಬ.

ಹಾಗಾದರೆ ಬೀದಿಯ ಟಬೆಬುಯಾಕ್ಕೆ ಅರ್ಥವೇ ಇಲ್ಲವೆ? ಇದೆ, ಅದು ಕ್ಷಣಿಕತೆಯದಲ್ಲ, ಸರದಿಯದು. ಸಕುರಾ ಒಂದೇ ಹೂವಾಗಿ ಇಡೀ ದೇಶದ ಮನಸ್ಸನ್ನು ಎರಡು ವಾರ ಆಳಿ ಹೋಗುತ್ತದೆ. ಬೆಂಗಳೂರಿನಲ್ಲಿ ಒಂದು ಉದುರಿದಲ್ಲಿ ಇನ್ನೊಂದು ಬರುವುದರಿಂದ ಯಾರೂ ಉದುರಿದ್ದಕ್ಕಾಗಿ ಕವಿತೆ ಬರೆಯುವುದಿಲ್ಲ. ಮೆಕ್ಸಿಕೋ, ಬ್ರೆಜಿಲ್, ಮಡಗಾಸ್ಕರ್, ಆಫ್ರಿಕಗಳಿಂದ ಬಂದ ಮರಗಳು ಬೇವು ಹೊಂಗೆಗಳ ನಡುವೆ ಬೇರುಬಿಟ್ಟು, ತಮ್ಮ ಸರದಿ ಬಂದಾಗ ಅರಳುವುದು, ಪರಸ್ಥಳದವರಿಂದಲೇ ತುಂಬಿದ ಈ ಊರಿನ ಸ್ವಭಾವಕ್ಕೆ ತಕ್ಕುದಾಗಿಯೇ ಇದೆ. ಸೊಮೇ ಯೋಶಿನೋ ಕೂಡ ನೂರೈವತ್ತು ಇನ್ನೂರು ವರ್ಷಗಳಾಚೆಗೆ ಹೋಗದ ಹೊಸ ಮರವಾಗಿದ್ದು ಸಂಪ್ರದಾಯವೆನಿಸಿಕೊಂಡಿರುವಾಗ, ನಮ್ಮ ಮರಗಳ ಚಿಕ್ಕ ವಯಸ್ಸು ನಾಚಿಕೆಗೆ ಕಾರಣವಾಗಬೇಕಾದ್ದಿಲ್ಲ, ಎರವಲು ಹೆಸರಿಗೆ ಕಾರಣವಾಗಬೇಕಾದ್ದೂ ಇಲ್ಲ.

ಮರಗಳ ಮೇಲಣ ಪ್ರೀತಿ ಬರಿಯ ಚಿತ್ರ ತೆಗೆಯುವುದರಲ್ಲಿ ಮುಗಿಯುವುದಿಲ್ಲವೆಂದು ಈ ಕಡೆಯ ಜನ ತೋರಿಸಿಯೂ ಇದ್ದಾರೆ. ಶೇಷಾದ್ರಿಪುರಂಗೆ ಕೂಗಳತೆಯಲ್ಲಿರುವ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲ್ಸೇತುವೆಯನ್ನು ಕಟ್ಟಲು, ಅದಕ್ಕಾಗಿ ದಾರಿಯುದ್ದದ ನೂರಾರು ಮರಗಳನ್ನು ಕಡಿಯಲು ಸರಕಾರ ಹೊರಟಾಗ, 2016ರ ಅಕ್ಟೋಬರಿನಲ್ಲಿ ಸಾವಿರಾರು ನಾಗರಿಕರು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತು ಬೇಡವೆಂದರು. 2017ರ ಮಾರ್ಚಿಯಲ್ಲಿ ಯೋಜನೆ ಬಿದ್ದುಹೋಯಿತು. ಅದು ಟಬೆಬುಯಾ ಅರಳುವ ತಿಂಗಳೇ ಆಗಿದ್ದದ್ದು ಆಕಸ್ಮಿಕ.

ಜಪಾನಿನಿಂದ ನಾವು ನಿಜವಾಗಿ ಪಡೆದುಕೊಳ್ಳಬಹುದಾದದ್ದು ಹೂವಿನ ಹೆಸರಲ್ಲ, ಹೂವಿನ ದಾಖಲೆ. ಕ್ಯೋಟೋ ನಗರದ ಸಾಮಂತರೂ ಭಿಕ್ಷುಗಳೂ ತಮ್ಮ ದಿನಚರಿಗಳಲ್ಲಿ ಇಂಥ ದಿನ ಹೂವಿನ ಔತಣವಾಯಿತೆಂದು ಬರೆದಿಟ್ಟ ಕಾರಣ, ಒಂಬತ್ತನೆಯ ಶತಮಾನದಿಂದೀಚೆಗೆ ಅಲ್ಲಿ ಚೆರ್ರಿ ಅರಳಿದ ತಾರೀಖುಗಳು ಉಳಿದುಬಂದಿವೆ. ಒಸಾಕಾದ ವಿಜ್ಞಾನಿ ಯಾಸುಯುಕಿ ಆಓನೋ ಅವುಗಳನ್ನು ಕೂಡಿಹಾಕಿ ಲೆಕ್ಕವಿಟ್ಟರು. 2021ರ ಮಾರ್ಚ್ 26ರಂದು ಕ್ಯೋಟೋ ಕಂಡ ಪೂರ್ಣವಿಕಾಸ ಅದುವರೆಗಿನ 1200 ವರ್ಷಗಳಲ್ಲಿಯೇ ಅತ್ಯಂತ ಮುಂಚಿನದೆಂದೂ, ಭೂಮಿ ಕಾಯುತ್ತಿರುವುದಕ್ಕೆ ಅದು ಸಾಕ್ಷಿಯೆಂದೂ ಜಗತ್ತು ಅರಿತದ್ದು ಆ ಹಳೆಯ ದಿನಚರಿಗಳ ಉಪಕಾರ. ಬೆಂಗಳೂರಿನಲ್ಲಿಯೂ ಹೂವಿನ ಕಾಲ ಹಿಂದುಮುಂದಾಗುತ್ತಿದೆಯೆಂದು ಎಲ್ಲರೂ ಹೇಳುವರು. ಹೇಳಿದ್ದನ್ನು ಅಳೆಯುವುದಕ್ಕೆ ಅಂಥ ಬರಹ ಬೇಕು. ಮರಗಳ ಋತುಚರ್ಯೆಯನ್ನು ಶಾಲಾಮಕ್ಕಳಿಂದಲೂ ನಾಗರಿಕರಿಂದಲೂ ದಾಖಲಿಸುವ ಸೀಸನ್‌ವಾಚ್ ಎಂಬ ಕಾರ್ಯಕ್ರಮ ನಮ್ಮ ದೇಶದಲ್ಲಿ ನಡೆಯುತ್ತಿದೆ, ಯಾರು ಬೇಕಾದರೂ ಸೇರಬಹುದು. ಅಷ್ಟು ಮಾಡಲು ಬಿಡುವಿಲ್ಲದವರು ತಮ್ಮ ಬೀದಿಯ ಒಂದು ಮರವನ್ನು ಆರಿಸಿಕೊಂಡು, ಅದು ಮೊದಲ ಹೂ ಬಿಟ್ಟ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ವರ್ಷ ತೀರಿದ ಮೇಲೆ ಆ ಹಾಳೆಯನ್ನು ಎಸೆಯದೆ ಇಟ್ಟುಕೊಳ್ಳಲಿ.